ಹೆಚ್ಚಿಗೆ ಬಂದ ಒಂದು ಕೈ

"ಎರಡೂ ಸಲ ಎತ್ತಿದೇನೋ? ಬುದ್ಧಿಗೇಡಿ, ಎರಡೂ ಸಲ ಎತ್ತಿದೇನು?"

ಇಡೀ ಓಣಿಯ ಮುಂದೆ, ಬೇವಿನ ಕಟ್ಟೆಯ ಮೇಲೆ, ನನ್ನ ತಮ್ಮ ಕಲ್ಮೇಶಿಯ ರಟ್ಟೆ ಹಿಡಿದು ನಾನು ಅಲ್ಲಾಡಿಸುತ್ತಿದ್ದೆ. ನಲವತ್ಮೂರು ವರ್ಷದ ಗಂಡಸು. ಬಿಡಿಸಿಕೊಳ್ಳಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ಎತ್ತಿದೆ ಅಕ್ಕಾ," ಅಂದ. "ಮೊದಲನೇದಕ್ಕೂ ಎತ್ತಿದೆ, ಎರಡನೇದಕ್ಕೂ ಎತ್ತಿದೆ. ಒಂದನ್ನೂ ತಪ್ಪಿಸಲಿಲ್ಲ."

"ಗಿರಣಿ ನಿಲ್ಲಸಬೇಕು ಅನ್ನಾವರು ಕೈ ಎತ್ರಿ ಅಂದಾಗೂ ಎತ್ತಿದಿ. ನಿಲ್ಲಸಬಾರದು ಅಂದಾಗೂ ಎತ್ತಿದಿ. ನಿನ್ನ ತಲಿಯಾಗ ಏನೈತೋ?"

"ಕೈ ಎತ್ರಿ ಅಂದರಲ್ಲ?" ಅಂದ.

ಕೈ ಎಣಿಸುವ ಮಾಬುಸಾಬ ಕನ್ನಡಕ ತೆಗೆದು ಒರೆಸಿಕೊಂಡ. ಅವನು ಗಡಿಯಾರ ರಿಪೇರಿಯವನು, ಸಣ್ಣದನ್ನೂ ಬಿಡುವುದಿಲ್ಲವೆಂದು ಓಣಿ ಈ ಕೆಲಸ ಅವನಿಗೆ ಕೊಟ್ಟಿದೆ. "ತಲಿ ಮೂವತ್ತೊಂಬತ್ತು, ಕೈ ನಲವತ್ತು," ಅಂದ. "ಇಪ್ಪತ್ತು ಆ ಕಡೆ, ಇಪ್ಪತ್ತು ಈ ಕಡೆ. ಈ ಎಣಿಕಿ ನಡಿಯಂಗಿಲ್ಲ. ಎಂಟು ದಿನ ಬಿಟ್ಟು ಮತ್ತ ಕೂಡೂಣು."

"ಹೌದು, ನಡಿಯಂಗಿಲ್ಲ," ಅಂದ ದರ್ಜಿ ದ್ಯಾಮಣ್ಣ. ಗಿರಣಿ ನಿಲ್ಲಿಸಬೇಕೆಂದು ಸಭೆ ಕರೆಸಿದವನೇ ಅವನು. ಅವನ ಮನೆಗೂ ನನ್ನ ಗಿರಣಿಗೂ ನಡುವೆ ಒಂದೇ ಗೋಡೆ. ಆ ಗೋಡೆ ಬಿರುಕು ಬಿಟ್ಟಿದೆ, ಅವನ ತಾಯಿಗೆ ದಿನವೆಲ್ಲ ತಲೆನೋವು. ಅವನ ಮಾತು ಸುಳ್ಳಲ್ಲ, ನಾನೂ ಬಲ್ಲೆ. ಆದರೆ ಗಂಡ ಸತ್ತು ಹನ್ನೊಂದು ವರ್ಷ ನನಗೆ ಅನ್ನ ಹಾಕಿದ್ದು ಆ ಗಿರಣಿ. ಅದು ನಿಂತರೆ ನಾನು ಯಾರ ಮನೆಯ ಪಾತ್ರೆ ತಿಕ್ಕಲಿ?

ಲೆಕ್ಕ ಸುಲಭವಿತ್ತು. ತಮ್ಮನನ್ನು ಬಿಟ್ಟರೆ ಓಣಿ ಸರಿಯಾಗಿ ಎರಡು ಪಾಲು, ಹತ್ತೊಂಬತ್ತು ಹತ್ತೊಂಬತ್ತು. ಸಮ ಬಂದರೆ ಇದ್ದದ್ದು ಇದ್ದ ಹಾಗೆ ಎಂಬುದು ನಮ್ಮ ಕಡೆಯ ನಿಯಮ. ಇವನು ಸುಮ್ಮನೆ ಕೂತಿದ್ದರೂ ಗಿರಣಿ ಉಳಿಯುತ್ತಿತ್ತು. ನನ್ನ ಪರವಾಗಿ ಒಂದೇ ಸಲ ಎತ್ತಿದ್ದರೂ ಉಳಿಯುತ್ತಿತ್ತು.

ನಮ್ಮ ಊರನ್ನು ನಡುಬೀದಿ ಎರಡು ಮಾಡಿದೆ. ಗೋಡೆ ಇಲ್ಲ, ಬೇಲಿ ಇಲ್ಲ. ಈ ಕಡೆಯ ಸದ್ದು ಆ ಕಡೆಗೆ ಹೋಗುವುದಿಲ್ಲ, ಆ ಕಡೆಯದು ಈ ಕಡೆಗೆ ಬರುವುದಿಲ್ಲ. ಬೀದಿಯ ನಡುವಿನವರೆಗೆ ಬಂದು ಬಿದ್ದುಹೋಗುತ್ತದೆ. ನಾವೆಲ್ಲ ಅದಕ್ಕೆ ಹೊಂದಿಕೊಂಡಿದ್ದೇವೆ. ಬೀದಿಯಲ್ಲಿ ತರಕಾರಿ ಮಾರುವವಳು ಆ ಕಡೆಗೆ ಬೆನ್ನು ಮಾಡಿಯೇ ಕೂಗುತ್ತಾಳೆ, ಸುಮ್ಮನೆ ಗಂಟಲು ಯಾಕೆ ಹಾಳು ಎಂದು. ಅಲ್ಲಿಯ ನಾಯಿ ಬಾಯಿ ತೆರೆದದ್ದು ಕಂಡರೂ ನಮ್ಮ ನಾಯಿಗಳು ತಲೆ ಎತ್ತುವುದಿಲ್ಲ. ಗಿರಣಿಯನ್ನು ನನ್ನ ಗಂಡ ಬೀದಿಯ ಅಂಚಿನಲ್ಲಿ ಕಟ್ಟಿಸಿದ್ದೂ ಅದಕ್ಕೇ, ಅರ್ಧ ಸದ್ದಾದರೂ ಅತ್ತ ಹೋಗಿ ಸಾಯಲಿ ಎಂದು.

ಆ ಕಡೆ ಒಂದು ಕಂಬ, ಕಂಬದ ಮೇಲೆ ಮೈಕು. ಮೈಕು ಏನು ಹೇಳುತ್ತದೋ ನಮಗೆ ಕೇಳುವುದಿಲ್ಲ. ಕಾಣುವುದು ಇಷ್ಟೇ: ಬೆಳಿಗ್ಗೆ ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆಯುತ್ತವೆ. ಎಲ್ಲರೂ ಒಟ್ಟಿಗೆ ಕಸ ಗುಡಿಸುತ್ತಾರೆ. ಮಧ್ಯಾಹ್ನ ಎಲ್ಲರೂ ಹೊರಗೆ ಬಂದು ಕಂಬಕ್ಕೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಾರೆ, ಒಟ್ಟಿಗೆ ಕೈ ಎತ್ತುತ್ತಾರೆ, ಇಳಿಸುತ್ತಾರೆ, ಒಳಗೆ ಹೋಗುತ್ತಾರೆ. ಚರಂಡಿಗೆ ಚೆಂದವಾಗಿ ಕಲ್ಲು ಹಾಸಿದೆ. ಒಂದು ದಿನ ಸಾಲಿನಲ್ಲಿದ್ದವನು ಮರುದಿನ ಇರುವುದಿಲ್ಲ. ಅವನ ಜಾಗ ಖಾಲಿ ಬಿಡದೆ ಪಕ್ಕದವರು ಅರ್ಧ ಹೆಜ್ಜೆ ಸರಿದು ನಿಲ್ಲುತ್ತಾರೆ.

ನಮ್ಮ ಕಡೆ ಚರಂಡಿಗೆ ಕಲ್ಲು ಹಾಸಬೇಕೋ ಬೇಡವೋ ಎಂದು ಮೂರು ವರ್ಷದಿಂದ ಕೈ ಎತ್ತುತ್ತಿದ್ದೇವೆ. ಕಟ್ಟೆಯ ಬೇವಿನ ಮರದ ಒಂದು ಕೊಂಬೆ ಕಡಿಯುವ ಮಾತಿಗೆ ಏಳು ಸಭೆ ಆದವು. ಎಂಟನೆಯದಕ್ಕೆ ಸೇರುವಷ್ಟರಲ್ಲಿ ಕೊಂಬೆ ತಾನೇ ಮುರಿದು ಬಿತ್ತು. ಆಮೇಲೆ ಅದರ ಕಟ್ಟಿಗೆ ಯಾರಿಗೆ ಎಂದು ಇನ್ನೆರಡು ಸಭೆ. ನನಗೆ ಸಾಕಾಗಿ ಹೋಗಿದೆ. ಕೂತು ಕೂತು ಸೊಂಟ ಹೋಗಿದೆ, ಕೂಗಿ ಕೂಗಿ ಗಂಟಲು ಹೋಗಿದೆ. ಆದರೂ ಸಭೆ ಎಂದರೆ ಎದ್ದು ಹೋಗುತ್ತೇನೆ. ಹೋಗದಿದ್ದರೆ ದ್ಯಾಮಣ್ಣ ಗೆಲ್ಲುತ್ತಾನೆ.

ಊರು ಎರಡಾದ ದಿನ ಕಲ್ಮೇಶಿಗೆ ಒಂಬತ್ತು ವರ್ಷ. ಸೋದರಮಾವನ ಮನೆಗೆಂದು ನಡುಬೀದಿ ದಾಟಿ ಹೋಗಿದ್ದ, ಅಲ್ಲೇ ಉಳಿದ. ಮೂವತ್ಮೂರು ವರ್ಷ ನಾನು ಮಾಳಿಗೆಯ ಮೇಲೆ ನಿಂತು ಆ ಸಾಲಿನಲ್ಲಿ ಅವನನ್ನು ಹುಡುಕಿದ್ದೇನೆ. ಎಡಗಾಲು ಸ್ವಲ್ಪ ಹೊರಗೆ ಹಾಕಿ ನಡೆಯುತ್ತಾನೆ, ಅದರಿಂದ ಗುರುತು ಸಿಗುತ್ತಿತ್ತು. ಅವನಿಗೆ ಮೀಸೆ ಬಂದದ್ದು ಕಂಡೆ, ತಲೆ ಬೆಳ್ಳಗಾದದ್ದು ಕಂಡೆ. ನಾನು ಕೈ ಬೀಸಿದರೆ ಅವನು ಬೀಸುತ್ತಿರಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ, ಎಲ್ಲರ ಮುಖ ಕಂಬದ ಕಡೆಗಿದ್ದಾಗ, ಹಿಂದಿನ ಸಾಲಿನಿಂದ ತಿರುಗಿ ಸೀದಾ ನಡೆದುಕೊಂಡು ಬಂದುಬಿಟ್ಟ. ನನ್ನ ಬಾಗಿಲಲ್ಲಿ ನಿಂತು ಮೊದಲು ಕೇಳಿದ್ದು, "ಒಳಗ ಬರಬಹುದೇನು?"

ಯಾಕೆ ಬಂದೆ ಎಂದು ಕೇಳಿದೆ. ಪಕ್ಕದ ಮನೆಯವನನ್ನು ಒಯ್ದರಂತೆ. ಅವನ ಹೆಸರು ಯಾರೂ ಎತ್ತಬಾರದು ಎಂದು ಮೈಕಿನಲ್ಲಿ ಬಂತಂತೆ. ಇವನು ಎತ್ತಲಿಲ್ಲ. ಒಂದು ವರ್ಷದ ಮೇಲೆ ಒಂದು ದಿನ ನೆನಪು ಮಾಡಿಕೊಳ್ಳಲು ಹೋದರೆ ಹೆಸರು ಬರಲೇ ಇಲ್ಲ. "ಇಪ್ಪತ್ತು ವರ್ಷ ಒಂದ ಕಟ್ಟಿ ಮ್ಯಾಲೆ ಕುಂತವರು ಅಕ್ಕಾ. ಹೆಸರು ಖರೇನ ಹೋಗಿತ್ತು. ನನಗ ಅಂಜಿಕಿ ಬಂತು."

ಬಂದು ಒಂದು ವರ್ಷ ತುಂಬಿದವರಿಗೆ ನಮ್ಮ ಓಣಿಯಲ್ಲಿ ಕೈ ಎತ್ತುವ ಹಕ್ಕು. ಆ ದಿನ ಅವನ ಮೊದಲನೆಯ ಸಭೆ.

ಮನೆಗೆ ಬಂದ ಮೇಲೂ ನಾನು ಸುಮ್ಮನಾಗಲಿಲ್ಲ. "ಯಾವುದೋ ಒಂದಕ್ಕ ಎತ್ತಬೇಕೋ. ಇನ್ನೊಂದಕ್ಕ ಇಳಿಸಿ ಕುಂದರಬೇಕು."

"ಇಳಿಸಿ ಕುಂತ್ರ ಯಾರರ ನೋಡಂಗಿಲ್ಲೇನು?"

"ನೋಡ್ತಾರ. ನೋಡಿದರ ಏನಾತು?"

ಆಗ ಅವನು ಆ ಕಡೆಯ ರೀತಿ ಹೇಳಿದ. ಅಲ್ಲಿ ಯಾರು ಎತ್ತಿದರು ಎಂದು ಯಾರೂ ನೋಡುವುದಿಲ್ಲವಂತೆ. ಎತ್ತದವರನ್ನು ಮಾತ್ರ ನೋಡುತ್ತಾರಂತೆ.

ಎಂಟು ದಿನ ನನಗೆ ಅದೇ ಕೆಲಸವಾಯಿತು. ಗಿರಣಿಯಲ್ಲಿ ಜೋಳ ಹಾಕುತ್ತ, ಒಲೆಯ ಮುಂದೆ ಕೂತು, ಬಟ್ಟೆ ಹಿಂಡುತ್ತ. "ಚಾ ಬೇಕು ಅನ್ನಾವರು ಕೈ ಎತ್ರಿ," ಎನ್ನುತ್ತಿದ್ದೆ. ಎತ್ತುತ್ತಿದ್ದ. "ಮಜ್ಜಿಗಿ ಬೇಕು ಅನ್ನಾವರು ಕೈ ಎತ್ರಿ." ಅದಕ್ಕೂ ಎತ್ತುತ್ತಿದ್ದ. ತಡೆಯಲು ನೋಡಿದರೆ ಕೈ ತಾನೇ ಮೇಲೆ ಹೋಗುತ್ತಿತ್ತು, ನೀರಿನಲ್ಲಿ ಒತ್ತಿ ಹಿಡಿದ ಸೋರೆಬುರುಡೆಯ ಹಾಗೆ. ನನಗೆ ಸಿಟ್ಟು ಬಂದು, "ಎರಡೂ ಕೈ ತೊಡಿಗೆ ಒತ್ತಿ ಹಿಡಕೊಂಡು ಕುಂದರು!" ಎಂದು ಗದರಿದೆ. ಹಾಗೆ ಕೂತ. ಹಣೆಯ ಮೇಲೆ ಬೆವರು ಬಂತು. ಆದರೆ ಕೈ ಮೇಲೇಳಲಿಲ್ಲ.

"ಹಿಂಗ ಹೇಳಿದರ ಸರಳ ಆಕ್ಕೈತಿ ಅಕ್ಕಾ," ಅಂದ ಉಸಿರು ಬಿಟ್ಟು. "ನೀನ ಹೇಳಿಬಿಡು. ಯಾವುದಕ್ಕ ಎತ್ತಲಿ, ಯಾವುದಕ್ಕ ಇಳಸಲಿ. ನೀ ಹೇಳಿದಂಗ ಮಾಡತೇನಿ."

ಹೇಳಿಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಅಷ್ಟರಲ್ಲಿ ದ್ಯಾಮಣ್ಣ ತಲೆಯ ಮೇಲೆ ಜೋಳದ ಬುಟ್ಟಿ ಹೊತ್ತು ಒಳಗೆ ಬಂದ.

"ಬಾರೋ," ಅಂದೆ. "ಗಿರಣಿ ಮುಚ್ಚಸಾವ, ಗಿರಣಿಗೇ ಬಂದಿ."

"ಮುಚ್ಚೂತನಕ ಹೊಟ್ಟಿ ಕೇಳಬೇಕಲ್ಲ ಶಾವಂತ್ರೆಕ್ಕಾ? ಸಣ್ಣಗ ಬೀಸು. ಹೋದ ಸಲ ರವಾ ಮಾಡಿ ಕೊಟ್ಟೀದಿ, ಸಿಟ್ಟಿಗೆ."

"ಸಿಟ್ಟಿಗಲ್ಲ, ಕಲ್ಲು ಸವದಾವು."

"ಹಂಗಾರ ಕಲ್ಲು ಹಾಕಸಬ್ಯಾಡ ಬಿಡು, ಎಂಟು ದಿನದ ಮಾತು," ಎಂದು ನಕ್ಕ. ನಾನೂ ನಕ್ಕೆ. ಚಹಾ ಕೊಟ್ಟೆ. ಕುಡಿದು ಹೋದ.

ಕಲ್ಮೇಶಿ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ. "ಅವಗ ಚಾ ಕೊಟ್ಟಿ," ಅಂದ.

"ಕೊಟ್ಟೆ. ಮತ್ತ?"

"ನಿನ್ನ ಗಿರಣಿ ಮುಚ್ಚಬೇಕು ಅಂತ ಎತ್ತಿದಾನ. ಎಲ್ಲಾರ ಮುಂದ ಎತ್ತಿದಾನ. ಅವಗ ಏನೂ ಆಗಲಿಲ್ಲ."

"ಏನಾಗಬೇಕು ಅವಗ? ಜಗಳ ಐತಿ, ಅಷ್ಟ."

ಆ ಮೇಲೆ ನನಗೆ ಅವನಿಗೆ ಹೇಳಿಕೊಡಲು ನಾಚಿಕೆಯಾಯಿತು. ಯಾಕೋ ಗೊತ್ತಿಲ್ಲ. ನಾನೇನು ದೊಡ್ಡ ಮನುಷ್ಯಳಲ್ಲ, ಐದನೇ ತರಗತಿವರೆಗೆ ಓದಿದವಳು. ಆದರೆ ಈ ಕಡೆಗೆ ಬಂದವನಿಗೆ ಮತ್ತೆ ನಾನೇ ಮೈಕಾಗಬೇಕೇ? "ನಿನ್ನ ಮನಸಿಗೆ ಬಂದಂಗ ಎತ್ತೋ," ಅಂದೆ. "ನಿನಗ ಏನ ಬೇಕು ಅದಕ್ಕ ಎತ್ತು. ಬ್ಯಾಡಾದ್ದಕ್ಕ ಎತ್ತಬ್ಯಾಡ." ಮನಸ್ಸಿಗೆ ಬಂದದ್ದು ಎಂದರೆ ಅಕ್ಕನ ಗಿರಣಿಯೇ ಎಂದುಕೊಂಡಿದ್ದೆ. ಅದರಲ್ಲಿ ಬೇರೆ ಏನಿರುತ್ತದೆ?

ಐದನೆಯ ದಿನ ಮಜ್ಜಿಗೆ ಎಂದಾಗ ಕೈ ತೊಡೆಯ ಮೇಲೇ ಇಟ್ಟುಕೊಂಡು, ನೆಲ ನೋಡುತ್ತ, "ಮಜ್ಜಿಗಿ ಬ್ಯಾಡಕ್ಕಾ. ನನಗ ಹುಳಿ ಸೇರಂಗಿಲ್ಲ," ಅಂದ. ಮೂವತ್ನಾಲ್ಕು ವರ್ಷದಲ್ಲಿ ಅವನು ಹೇಳಿದ ಮೊದಲ 'ಬೇಡ' ಅದೇ ಇರಬೇಕು. ಹಾಗೆ ಹೇಳಿ ಬಾಗಿಲ ಕಡೆ ನೋಡಿದ, ಯಾರಾದರೂ ಬಂದಾರೇನೋ ಎಂದು. ಯಾರೂ ಬರಲಿಲ್ಲ. ನಾನು ಓಣಿಯುದ್ದಕ್ಕೂ ಹೇಳಿಕೊಂಡು ಬಂದೆ: ನಮ್ಮ ಕಲ್ಮೇಶಿ ಮಜ್ಜಿಗೆ ಬೇಡ ಅಂದ! ಮಾಬುಸಾಬ, "ಮುಬಾರಕ್ ಬೇ," ಎಂದು ಒಂದು ಹಿಡಿ ಪುಟಾಣಿ ಸಕ್ಕರೆ ಕೊಟ್ಟು ಕಳಿಸಿದ.

ಎಂಟನೆಯ ದಿನ ಇಳಿಹೊತ್ತಿಗೆ ಸಭೆ ಸೇರಿತು. ಗಿರಣಿ ನಿಲ್ಲಿಸಬೇಕು ಅನ್ನುವವರು ಎಂದು ಮಾಬುಸಾಬ ಕೂಗಿದ. ನಾನು ದ್ಯಾಮಣ್ಣನ ಗುಂಪಿನ ಕೈಗಳನ್ನು ಎಣಿಸುತ್ತಿದ್ದೆ. ಹದಿನೇಳು, ಹದಿನೆಂಟು, ಹತ್ತೊಂಬತ್ತು. ನನ್ನ ಪಕ್ಕದಲ್ಲೇ ಇಪ್ಪತ್ತನೆಯದು ಮೇಲೆದ್ದಿತು.

ಮರೆತಿದ್ದಾನೆ, ಮತ್ತೆ ಎರಡೂ ಸಲ ಎತ್ತುತ್ತಾನೆ ಎಂದುಕೊಂಡೆ. ಎರಡನೆಯ ಸಲ ಕೂಗಿದಾಗ ಅವನು ಎರಡೂ ಕೈಗಳನ್ನು ತೊಡೆಗೆ ಒತ್ತಿ ಹಿಡಿದು ಕೂತಿದ್ದ. ಬೆವರುತ್ತಿದ್ದ. ಕೈ ಏಳಲಿಲ್ಲ.

"ತಲಿ ಮೂವತ್ತೊಂಬತ್ತು, ಕೈ ಮೂವತ್ತೊಂಬತ್ತು," ಅಂದ ಮಾಬುಸಾಬ. ನನ್ನ ಮುಖ ನೋಡಲಿಲ್ಲ. "ಇಪ್ಪತ್ತು, ಹತ್ತೊಂಬತ್ತು. ಗಿರಣಿ ನಿಲ್ಲತೈತಿ."

ಮನೆಗೆ ಬಂದು ಗಿರಣಿಯ ಬೆಲ್ಟು ಬಿಚ್ಚಿ ಗೂಟಕ್ಕೆ ಹಾಕಿದೆ. ನನ್ನ ಸಿಟ್ಟು ಹಾಗೆಯೇ, ದೊಡ್ಡದಾದರೆ ಮರುದಿನ ಬರುತ್ತದೆ.

ಮರುದಿನ ಬೆಳಿಗ್ಗೆ ಅವನಿಗೆ ರೊಟ್ಟಿ ಹಾಕಿ ಎದುರಿಗೆ ಕೂತೆ. "ಯಾಕೋ?" ಅಂದೆ.

ತುತ್ತು ನಿಲ್ಲಿಸಿದ. "ಮನಸಿಗೆ ಬಂದಂಗ ಎತ್ತು ಅಂದೀದಿ."

"ನಿನ್ನ ಮನಸಿಗೆ ನಾ ಬೀದಿಗೆ ಬೀಳೂದು ಬಂತೇನು?"

"ನೀ ಬೀಳೂದಲ್ಲಕ್ಕಾ. ಆ ಸದ್ದು." ತಡೆದು ತಡೆದು ಹೇಳಿದ. "ಅಲ್ಲಿ ಮುಂಜಾನಿಂದ ಸಂಜೀತನಕ ಮೈಕಿಂದು ಒಂದ ಸದ್ದು. ಇಲ್ಲಿಗೆ ಬಂದರ ಮುಂಜಾನಿಂದ ಸಂಜೀತನಕ ಗಿರಣಿದು ಒಂದ ಸದ್ದು. ಅದು ನಿಂತರ ಹೆಂಗಿರತೈತಿ ನೋಡಬೇಕು ಅನ್ನಿಸಿತು. ನಿನ್ನಿ ಸಂಜಿಮುಂದ ಕಟ್ಟಿ ಮ್ಯಾಲೆ ಕುಂತಿದ್ದೆ. ಗುಬ್ಬಿ ಒದರೂದು ಕೇಳಿಸಿತು."

"ಗುಬ್ಬಿ!" ಎಂದು ಕಿರುಚಿದೆ. ಕೈಗೆ ಸಿಕ್ಕ ಚರಿಗೆ ಎಸೆದೆ, ಗೋಡೆಗೆ ಬಡಿಯಿತು. "ಒಂದು ವರ್ಷ ಕೂಡಿಸಿ ಅನ್ನಾ ಹಾಕೇನಿ. ಯಾವ ಗಿರಣಿ ಹಿಟ್ಟೋ ಅದು, ನೀ ತಿನ್ನಾಕತ್ತಿದ್ದು? ಮೂವತ್ಮೂರು ವರ್ಷ ಮಾಳಿಗಿ ಮ್ಯಾಲೆ ನಿಂತು ನಿನ್ನ ದಾರಿ ನೋಡೇನಿ, ಗುಬ್ಬಿ ಸಲುವಾಗಿ ನನ್ನ ಕುತ್ತಿಗಿ ಕೊಯ್ದಿ! ನಿನಗ ಆ ಕಡೆನ ಸರಿ. ಹೋಗು. ಅಲ್ಲೇ ಹೋಗಿ ಸಾಲಿನ್ಯಾಗ ನಿಂದರು, ಹೋಗು!"

ಅವನು ತಾಟಿನಿಂದ ಕೈ ತೆಗೆದ. "ಯಾವಾಗ ಅಕ್ಕಾ?" ಅಂದ.

"ಈಗ! ಈಗಿಂದೀಗ ಹೋಗು!"

ನಮ್ಮ ಓಣಿಯಲ್ಲಿ ಇಂಥ ಮಾತು ದಿನಕ್ಕೆ ಹತ್ತು ಸಲ ಬೀಳುತ್ತದೆ. ದ್ಯಾಮಣ್ಣನ ಹೆಂಡತಿ ಗಂಡನಿಗೆ ಸಾಯಿ ಹೋಗು ಎಂದು ಹೇಳಿ ಅದೇ ಉಸಿರಿಗೆ ರೊಟ್ಟಿ ಬಿಸಿ ಐತಿ ಬಾ ಅನ್ನುತ್ತಾಳೆ. ಮಾತು ಆಡಿದವರೂ ಅದನ್ನು ಎಣಿಸುವುದಿಲ್ಲ, ಕೇಳಿದವರೂ ಎಣಿಸುವುದಿಲ್ಲ. ಕಲ್ಮೇಶಿ ಉಳಿದ ರೊಟ್ಟಿಯನ್ನು ಪೂರ್ತಿ ತಿಂದ. ತಾಟು ತೊಳೆದು ಬೋರಲು ಹಾಕಿದ. ಚರಿಗೆ ಎತ್ತಿ ಜಾಗದಲ್ಲಿ ಇಟ್ಟ. ಹಾಸಿಗೆ ಸುತ್ತಿದ. "ಬರತೇನಕ್ಕಾ," ಎಂದು ಹೊರಗೆ ಹೋದ. ಕೆರೆಯ ಕಡೆ ಹೋಗಿರಬೇಕು, ಸಿಟ್ಟು ಬಂದ ಗಂಡಸರು ಹೋಗುವುದು ಅಲ್ಲಿಗೇ ಎಂದುಕೊಂಡು ನಾನು ಅಡುಗೆಗೆ ಕೂತೆ. ಮಧ್ಯಾಹ್ನಕ್ಕೆ ಅವನಿಗೂ ಸೇರಿಸಿಯೇ ಅಕ್ಕಿ ಹಾಕಿದೆ.

ಅಕ್ಕಿ ಕುದಿಯುವಾಗ ಆ 'ಯಾವಾಗ' ಎಂಬ ಮಾತು ಮತ್ತೆ ಕಿವಿಗೆ ಬಂತು. ಬೈಸಿಕೊಂಡವರು ಯಾರಾದರೂ ಯಾವಾಗ ಎಂದು ಕೇಳುತ್ತಾರೆಯೇ?

ಓಡಿದೆ. ಈ ಸೊಂಟ ಇಟ್ಟುಕೊಂಡು ಓಡಿದೆ. ನಡುಬೀದಿಗೆ ಬರುವಷ್ಟರಲ್ಲಿ ಆ ಕಡೆಯವರು ಆಗಲೇ ಸಾಲಾಗಿ ನಿಂತಿದ್ದರು. ಎಡಗಾಲು ಹೊರಗೆ ಹಾಕಿದವನು ಹಿಂದಿನ ಸಾಲಿನಲ್ಲಿ, ತನ್ನ ಹಳೆಯ ಜಾಗದಲ್ಲಿ ನಿಂತಿದ್ದ. ಪಕ್ಕದವರು ಅವನ ಕಡೆ ನೋಡಲಿಲ್ಲ, ಅರ್ಧ ಹೆಜ್ಜೆ ಸರಿದು ಜಾಗ ಕೊಟ್ಟಿದ್ದರು.

ನನಗೆ ಸಮಾಧಾನವಾಯಿತು ಎಂದರೆ ನಂಬಬೇಕು. ಹಳೆಯ ಜಾಗಕ್ಕೆ ಹೋಗಿ ನಿಂತಿದ್ದಾನೆ, ಎಲ್ಲರ ಹಾಗೆ ಕೈ ಎತ್ತುತ್ತಾನೆ, ಹಿಂದೆ ಬಿಟ್ಟುಹೋದದ್ದನ್ನು ಮರೆತುಬಿಡುತ್ತಾರೆ ಎಂದುಕೊಂಡೆ. ಮೂವತ್ಮೂರು ವರ್ಷ ನೋಡಿದ ಹಾಗೆ ಇನ್ನು ಮುಂದೆಯೂ ಮಾಳಿಗೆಯಿಂದ ನೋಡಿದರಾಯಿತು ಎಂದುಕೊಂಡೆ.

ಕಂಬದ ಮೇಲಿನ ಮೈಕು ಏನೋ ಹೇಳಿರಬೇಕು. ಎಲ್ಲರ ಕೈಗಳೂ ಒಟ್ಟಿಗೆ ಮೇಲೆ ಹೋದವು. ಅವನದು ಹೋಗಲಿಲ್ಲ. ಎರಡೂ ಕೈಗಳನ್ನು ತೊಡೆಗೆ ಒತ್ತಿ ಹಿಡಿದು, ಕತ್ತು ಬಗ್ಗಿಸಿ ನಿಂತಿದ್ದ.

"ಎತ್ತೋ!" ಎಂದು ಕೂಗಿದೆ. "ಕಲ್ಮೇಶೀ, ಎತ್ತೋ ಕೈ! ಎಲ್ಲದಕ್ಕೂ ಎತ್ತೋ! ನನ್ನಪ್ಪಾ, ಎತ್ತೋ!"

ನನ್ನ ದನಿ ಬೀದಿಯ ನಡುವೆ ಬಿದ್ದುಹೋಯಿತು. ತರಕಾರಿಯವಳು ಬುಟ್ಟಿ ಬಿಟ್ಟು ಬಂದು ನನ್ನ ಸೊಂಟ ಹಿಡಿದುಕೊಂಡಳು, ಇಲ್ಲದಿದ್ದರೆ ದಾಟಿಬಿಡುತ್ತಿದ್ದೆ. ಆ ಕಡೆ ಇಬ್ಬರು ಬಂದು ಅವನ ಎರಡು ಮಗ್ಗುಲಿಗೆ ನಿಂತರು. ಒಬ್ಬ ಏನೋ ಕೇಳಿದ. ಕಲ್ಮೇಶಿ ಏನೋ ಹೇಳಿದ, ತುಟಿ ಎರಡೇ ಸಲ ಅಲ್ಲಾಡಿತು. ಅವರ ನಡುವೆ ನಡೆದುಕೊಂಡು ಹೋದ. ಕೈಗಳು ಇಳಿದವು. ಪಕ್ಕದವರು ಅರ್ಧ ಹೆಜ್ಜೆ ಹತ್ತಿರ ಸರಿದರು.

ಹದಿನೈದು ದಿನ ಬಿಟ್ಟು ದ್ಯಾಮಣ್ಣ ಬಂದ. ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತ. "ಶಾವಂತ್ರೆಕ್ಕಾ, ಒಂದು ಮಾತು. ಅವ ಇಲ್ಲ ಅಂದಮ್ಯಾಲೆ ಮತ್ತ ಹತ್ತೊಂಬತ್ತು ಹತ್ತೊಂಬತ್ತು. ಸಮ ಬಂದರ ಇದ್ದದ್ದು ಇದ್ದಂಗ. ನೀ ಗಿರಣಿ ಚಾಲೂ ಮಾಡು. ನಾನ ಸಭಾ ಕರದು ಹೇಳತೇನಿ. ಅವ್ವನ ತಲಿನೋವು ಹೆಂಗರ ನೋಡಕೊಂಡರಾತು."

ಅವನ ಕಣ್ಣುಗಳು ಕೆಂಪಾಗಿದ್ದವು. ಆದರೂ ನನಗೆ ಸಿಟ್ಟೇ ಬಂತು.

"ಅವ ಇಲ್ಲ ಅಂತ ಯಾರ ಹೇಳಿದರು ನಿನಗ? ಅವ ಎತ್ತಿದ ಕೈ ಎಣಿಕಿಗೆ ಬಂದೈತಿ. ಮಾಬುಸಾಬ ಎಣಿಸ್ಯಾನ. ಅದನ್ನ ತಗದು ಹಾಕಾಕ ನೀ ಯಾರು? ಅಲ್ಲಿಯವರು ಮಾಡೂದು ಸಾಕಾಗಿಲ್ಲೇನು, ಇಲ್ಲಿ ನೀವೂ ಸುರು ಮಾಡತೀರಿ?"

"ಹೊಟ್ಟಿಗೆ ಏನ ಮಾಡತಿ ಮತ್ತ?"

"ಹಪ್ಪಳ ಮಾಡತೇನಿ, ಶಾವಿಗಿ ಮಾಡತೇನಿ. ನೀ ನಿನ್ನ ಗ್ವಾಡಿ ಬಿರುಕು ಮುಚ್ಚಿಸಿಕೋ, ಹೋಗು."

ಹೋಗು ಎಂದವಳೇ ಅವನ ಕಾಲು ನೋಡಿದೆ, ಹೊರಟಾವೇನೋ ಎಂದು. ದ್ಯಾಮಣ್ಣ ಹೋಗಲಿಲ್ಲ. ಅಲ್ಲೇ ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚಿದ.

ಈಗ ಮೂರು ತಿಂಗಳಾಯಿತು. ಹಪ್ಪಳ ಒಣಗಿಸಲು ದಿನಾ ಮಾಳಿಗೆ ಹತ್ತುತ್ತೇನೆ. ಮಧ್ಯಾಹ್ನದ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತೇನೆ, ಎಡಗಾಲು ಹೊರಗೆ ಹಾಕಿದವರು ಯಾರೂ ಇಲ್ಲ. ಸಂಜೆ ಚರಂಡಿಯ ಸಭೆ ಇದೆ ಎಂದು ಮಾಬುಸಾಬ ಹೇಳಿ ಕಳಿಸಿದ್ದಾನೆ. ಹೋಗಬೇಕು. ಕಲ್ಮೇಶಿ ಬಂದಿಲ್ಲ.